‘ಜೂನ್ 4ಕ್ಕೆ ಮುಂಚೆ ಕೊಂಡ್ಕೊಳ್ಳಿ’: ಸಲಹೆಗಾರ ಹೇಳಿದ್ರೆ ತಪ್ಪು, ಸಚಿವರು ಹೇಳಿದ್ರೆ?

2020ರ ಮಾರ್ಚ್ 23, ಸೋಮವಾರ. ಅವತ್ತು ಒಂದೇ ದಿನ ಸೆನ್ಸೆಕ್ಸ್ 3,934 ಅಂಶ ಬಿದ್ದು 25,981ಕ್ಕೆ ಬಂದು ನಿಂತಿತ್ತು. ಶೇಕಡಾವಾರು ಲೆಕ್ಕದಲ್ಲಿ 13.15. ನಾನಾಗ ಬೆಂಗಳೂರಿನ ಒಂದು ಹೂಡಿಕೆ ಸಲಹಾ ಸಂಸ್ಥೆಯಲ್ಲಿ ಗ್ರಾಹಕರಿಗೆ ವಾರದ ಪತ್ರ ಬರೆಯುವ ಕೆಲಸದಲ್ಲಿದ್ದೆ. ಇಂಜಿನಿಯರಿಂಗ್ ಮುಗಿಸಿ, ಕೆಲವು ವರ್ಷ ಕೋಡ್ ಬರೆದು ಬೇಸತ್ತು, ಪತ್ರಿಕೋದ್ಯಮಕ್ಕೆ ಬರುವ ಮುಂಚೆ ನಡುವೆ ಸಿಕ್ಕ ನೌಕರಿ ಅದು. ಲಾಕ್‌ಡೌನ್ ಶುರುವಾಗಿತ್ತು. ಮನೆಯಲ್ಲೇ ಕೂತು, ಭಾರಿ ಉತ್ಸಾಹದಿಂದ ಒಂದು ಸಾಲು ಬರೆದೆ: “ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಧೈರ್ಯವಾಗಿ ಈಗಲೇ ಕೊಳ್ಳಿ.”

ಅರ್ಧ ಗಂಟೆಯಲ್ಲಿ ಕಂಪ್ಲಯನ್ಸ್ ನೋಡುತ್ತಿದ್ದ ಮೇಡಂ ಫೋನ್ ಬಂತು. ನಿಯಮಕ್ಕೆ ತಕ್ಕಂತೆ ಇದೆಯಾ ಅಂತ ಪ್ರತಿ ಪತ್ರವನ್ನೂ ಓದಿ ಬಿಡುಗಡೆ ಮಾಡೋದು ಅವರ ಕೆಲಸ. “ಈ ಸಾಲು ತೆಗೀರಿ” ಅಂದರು. ನಾನು ವಾದಕ್ಕೆ ಇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ಓದೋರಲ್ಲಿ ನಿಮ್ಮ ವಯಸ್ಸಿನ ಹುಡುಗ್ರೂ ಇದ್ದಾರೆ, ಮೂರು ತಿಂಗಳಲ್ಲಿ ಮನೆ ಕಟ್ಟೋಕೆ ದುಡ್ಡು ಬೇಕಾಗಿರೋ ರಿಟೈರ್ಡ್ ಮೇಷ್ಟ್ರೂ ಇದ್ದಾರೆ. ಇಬ್ಬರಿಗೂ ಒಂದೇ ಮಾತು ಹೇಳ್ತೀರಾ?”

ಸಾಲು ತೆಗೆದೆ. ತಮಾಷೆ ಅಂದ್ರೆ, ಆ ದಿನದ ಮಟ್ಟವೇ ಆ ವರ್ಷದ ತಳವಾಗಿತ್ತು. ಹತ್ತು ತಿಂಗಳಲ್ಲಿ, 2021ರ ಜನವರಿಯಲ್ಲಿ, ಸೆನ್ಸೆಕ್ಸ್ 50,000 ಮುಟ್ಟಿತು. ನಾನು ಬರೆದದ್ದು ‘ನಿಜ’ವಾಗಿತ್ತು! ತುಂಬಾ ದಿನ ನನಗೆ ಮೇಡಂ ಮೇಲೆ ಸಿಟ್ಟಿತ್ತು. ಆ ಸಿಟ್ಟು ತಪ್ಪು ಅಂತ ಗೊತ್ತಾಗೋಕೆ 2024ರ ಜೂನ್ ಬರಬೇಕಾಯ್ತು.

ಜೂನ್ 4ರ ಮಾತು

ನೆನಪಿಸಿಕೊಳ್ಳಿ. 2024ರ ಮೇ ತಿಂಗಳು, ಲೋಕಸಭಾ ಚುನಾವಣೆ ನಡೀತಿದೆ, ಮಾರುಕಟ್ಟೆ ಏರಿಳಿತದಲ್ಲಿದೆ. ಟಿವಿ ಸಂದರ್ಶನವೊಂದರಲ್ಲಿ ಗೃಹ ಸಚಿವ ಅಮಿತ್ ಶಾ, ಮಾರುಕಟ್ಟೆ ಇಳಿಕೆಯನ್ನು ಚುನಾವಣೆಗೆ ಜೋಡಿಸಬೇಡಿ, ಜೂನ್ 4ಕ್ಕೆ ಮುಂಚೆ ಕೊಂಡುಕೊಳ್ಳಿ, ಅದು ಮೇಲೇರುತ್ತೆ ಎಂಬರ್ಥದ ಮಾತು ಹೇಳಿದರು. ಫಲಿತಾಂಶದ ದಿನ ಮಾರುಕಟ್ಟೆಯೂ ದಾಖಲೆ ಮಾಡುತ್ತೆ ಎಂಬ ಅರ್ಥದಲ್ಲಿ ಪ್ರಧಾನಿಯೂ ಮಾತಾಡಿದ್ದರು. ಜೂನ್ 1ರ ಸಂಜೆ ಎಕ್ಸಿಟ್ ಪೋಲ್‌ಗಳು ಬಂದವು. ಜೂನ್ 3ರಂದು ಸೆನ್ಸೆಕ್ಸ್ 2,500ಕ್ಕೂ ಹೆಚ್ಚು ಅಂಶ ಜಿಗಿದು 76,468ಕ್ಕೆ ಹೋಯಿತು. ಮರುದಿನ ಬಿಜೆಪಿ 240ಕ್ಕೆ ನಿಂತಿತು. ಸೆನ್ಸೆಕ್ಸ್ 4,389 ಅಂಶ, ಅಂದರೆ ಶೇ. 5.74 ಕುಸಿದು 72,079ಕ್ಕೆ ಬಂತು.

ಜೂನ್ 6ರಂದು ರಾಹುಲ್ ಗಾಂಧಿ ಜಂಟಿ ಸಂಸದೀಯ ಸಮಿತಿಯ ತನಿಖೆ ಕೇಳಿದರು. ಬಿಜೆಪಿ ಆರೋಪವನ್ನು ತಳ್ಳಿಹಾಕಿತು. ಆ ಜಗಳ ಎಲ್ಲರಿಗೂ ಗೊತ್ತು. ನನಗೆ ಕಾಡಿದ್ದು ಬೇರೆ ಪ್ರಶ್ನೆ. ಅದೇ ಮಾತನ್ನು ಸೆಬಿಯಲ್ಲಿ ನೋಂದಾಯಿಸಿಕೊಂಡ ಒಬ್ಬ ಸಣ್ಣ ಸಲಹೆಗಾರ ತನ್ನ ಗ್ರಾಹಕರಿಗೆ ಪತ್ರದಲ್ಲಿ ಬರೆದಿದ್ದರೆ? ನಮ್ಮ ಮೇಡಂ ಕೈಯಲ್ಲಿ ಆ ಸಾಲು ಉಳೀತಿತ್ತಾ? ಖಂಡಿತ ಇಲ್ಲ.

ಯಾಕೆ ಅಂತ ಅರ್ಥ ಮಾಡ್ಕೊಂಡ್ರೆ, ಮಾರುಕಟ್ಟೆ ಬಗ್ಗೆ ನೀವು ದಿನಾ ಓದೋ, ಕೇಳೋ ಅರ್ಧದಷ್ಟು ಮಾತುಗಳನ್ನು ಜರಡಿ ಹಿಡಿಯೋಕೆ ಬರುತ್ತೆ.

ಮಾತು ಯಾವಾಗ ‘ಸಲಹೆ’ ಆಗುತ್ತೆ?

ಈ ವಿಷಯದಲ್ಲಿ ಎರಡು ನಿಯಮಾವಳಿಗಳು ಮುಖ್ಯ. ಒಂದು, ಸೆಬಿಯ ಹೂಡಿಕೆ ಸಲಹೆಗಾರರ ನಿಯಮಾವಳಿ, 2013. ಇನ್ನೊಂದು, ರಿಸರ್ಚ್ ಅನಲಿಸ್ಟ್‌ಗಳ ನಿಯಮಾವಳಿ, 2014. ಎರಡಕ್ಕೂ ಆಮೇಲೆ ಹಲವು ತಿದ್ದುಪಡಿಗಳಾಗಿವೆ, 2024ರ ಡಿಸೆಂಬರ್‌ನಲ್ಲಿ ದೊಡ್ಡ ತಿದ್ದುಪಡಿಯೇ ಬಂತು.

ಇವು ಎಳೆಯುವ ಗೆರೆ ಸರಳ. ಆರ್ಥಿಕ ಪರಿಸ್ಥಿತಿ, ಮಾರುಕಟ್ಟೆಯ ಒಟ್ಟಾರೆ ಒಲವು, ರಾಜಕೀಯ ಬೆಳವಣಿಗೆ, ನಿಫ್ಟಿ ಸೆನ್ಸೆಕ್ಸ್‌ನಂಥ ಸೂಚ್ಯಂಕ ಇವುಗಳ ಬಗ್ಗೆ ಪ್ರಾಮಾಣಿಕವಾಗಿ ಆಡುವ ಸಾಮಾನ್ಯ ಮಾತು ಒಂದು ಬಗೆ. ಅದಕ್ಕೆ ನೋಂದಣಿ ಬೇಕಿಲ್ಲ. ಒಂದು ನಿರ್ದಿಷ್ಟ ಷೇರಿನ ಹೆಸರು ಹೇಳಿ ‘ಕೊಳ್ಳಿ’, ‘ಮಾರಿ’, ‘ಇಷ್ಟು ಬೆಲೆ ಮುಟ್ಟುತ್ತೆ’ ಅಂದ ಕೂಡಲೇ ನೀವು ರಿಸರ್ಚ್ ಅನಲಿಸ್ಟ್‌ನ ಅಂಗಳಕ್ಕೆ ಕಾಲಿಟ್ಟಿರಿ. ಹಣ ಪಡೆದು, ಒಬ್ಬ ಗ್ರಾಹಕನ ಪರಿಸ್ಥಿತಿ ನೋಡಿ ‘ನೀವು ಹೀಗೆ ಮಾಡಿ’ ಅಂದರೆ ಅದು ಹೂಡಿಕೆ ಸಲಹೆ.

ಸಲಹೆಗಾರನಿಗೆ ಇನ್ನೂ ಒಂದು ಕಟ್ಟು ಇದೆ: ಗ್ರಾಹಕನ ವಯಸ್ಸು, ಆದಾಯ, ಸಾಲ, ಎಷ್ಟು ನಷ್ಟ ತಡೆದುಕೊಳ್ಳಬಲ್ಲ, ದುಡ್ಡು ಯಾವಾಗ ಬೇಕು ಇವೆಲ್ಲ ತಿಳಿದುಕೊಂಡು, ಅವನಿಗೆ ಹೊಂದುವ ಸಲಹೆಯನ್ನೇ ಕೊಡಬೇಕು. ಮೇಡಂ ಕೇಳಿದ ಮೇಷ್ಟ್ರ ಪ್ರಶ್ನೆ ಇದೇ. ನೂರಾರು ಜನಕ್ಕೆ ಹೋಗುವ ಪತ್ರದಲ್ಲಿ ‘ಈಗಲೇ ಕೊಳ್ಳಿ’ ಅಂತ ಬರೆದರೆ, ಯಾರ ಪರಿಸ್ಥಿತಿಯನ್ನೂ ನೋಡದೆ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಮಾತ್ರೆ ಕೆಲವರಿಗೆ ಕೆಲಸ ಮಾಡಿತು ಅನ್ನೋದು ವೈದ್ಯನ ಸಮರ್ಥನೆ ಆಗಲ್ಲ.

ಹಾಗಾದ್ರೆ ಸಚಿವರ ಮಾತು? ಅವರು ಯಾವ ಷೇರಿನ ಹೆಸರನ್ನೂ ಹೇಳಲಿಲ್ಲ. ಹೇಳಿದ್ದು ಎಲ್ಲರೂ ನೋಡುವ ಟಿವಿಯಲ್ಲಿ. ಸಾರ್ವಜನಿಕರಿಗೆಲ್ಲ ಸಿಗುವ ಮಾಧ್ಯಮದಲ್ಲಿ ಹೇಳಿದ್ದು ‘ಹೂಡಿಕೆ ಸಲಹೆ’ಯ ವ್ಯಾಖ್ಯೆಗೆ ಬರಲ್ಲ ಅಂತ 2013ರ ನಿಯಮಾವಳಿಯೇ ಹೇಳುತ್ತೆ. ಹಾಗಾಗಿ ಈ ನಿಯಮಾವಳಿ ಅವರಿಗೆ ತಾಗಲ್ಲ. ಈ ಅಂಕಣ ಬರೆಯುವ ನನಗೂ ಅದೇ ವಿನಾಯಿತಿ ಇದೆ, ಮರೆಮಾಚೋದು ಬೇಡ. ಆದರೆ ಯೋಚಿಸಿ: ಇನ್ನೂರು ಗ್ರಾಹಕರಿರುವ ಸಲಹೆಗಾರ ಒಂದೊಂದು ಪದಕ್ಕೂ ಉತ್ತರ ಕೊಡಬೇಕು. ಕೋಟ್ಯಂತರ ಜನ ಕೇಳಿಸಿಕೊಳ್ಳುವ, ಸರ್ಕಾರದ ಒಳಗೇ ಕೂತಿರುವ ವ್ಯಕ್ತಿ ಕೊಡಬೇಕಿಲ್ಲ. ನಿಯಮ ಹಿಡಿಯೋದು ಲೈಸೆನ್ಸ್ ಇದ್ದವನನ್ನ, ಪ್ರಭಾವ ಇದ್ದವನನ್ನಲ್ಲ. ಇದು ಕಾನೂನಿನ ಉಲ್ಲಂಘನೆ ಅಂತ ನಾನು ಹೇಳ್ತಿಲ್ಲ. ಕಾನೂನು ಎಲ್ಲಿಗೆ ನಿಲ್ಲುತ್ತೋ ಅಲ್ಲಿಂದ ರಾಜಕೀಯ ಹೊಣೆಗಾರಿಕೆ ಶುರುವಾಗಬೇಕು ಅಂತಿದ್ದೀನಿ.

ಒಂದು ಪ್ಯಾರಾ, ಎರಡು ರೀತಿ

ಈಗ ಕೆಲಸಕ್ಕೆ ಬರೋಣ. ನಿಯಮಕ್ಕೆ ಒಪ್ಪುವ ಮಾರುಕಟ್ಟೆ ಬರಹ ಅಂದ್ರೆ ಹೇಗಿರುತ್ತೆ? 2025ರ ಜೂನ್ 6ರ ಉದಾಹರಣೆ ತಗೊಳ್ಳಿ. ಅವತ್ತು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಮ್ಮೆಲೇ ಅರ್ಧ ಪರ್ಸೆಂಟ್ ಇಳಿಸಿ ಶೇ. 5.5ಕ್ಕೆ ತಂತು. ಮೊದಲು, ಬರೆಯಬಾರದ ರೀತಿ:

“ಆರ್‌ಬಿಐನಿಂದ ಬಂಪರ್! ಬ್ಯಾಂಕ್ ಷೇರುಗಳು ಇನ್ನು ರಾಕೆಟ್. ಈ ವಾರ ಕೊಳ್ಳದವರು ಪಶ್ಚಾತ್ತಾಪ ಪಡೋದು ಖಚಿತ. ನಮ್ಮ ಹಿಂದಿನ ಪತ್ರ ಓದಿದವರು ಈಗಾಗಲೇ ಲಾಭದಲ್ಲಿದ್ದಾರೆ.”

ಈಗ ಬರೆಯಬಹುದಾದ ರೀತಿ:

“ಜೂನ್ 6ರಂದು ಆರ್‌ಬಿಐ ರೆಪೊ ದರವನ್ನು ಶೇ. 6ರಿಂದ 5.5ಕ್ಕೆ ಇಳಿಸಿತು. ಬ್ಯಾಂಕುಗಳು ಆರ್‌ಬಿಐ ಬಳಿ ಇಡಬೇಕಾದ ನಗದು ಮೀಸಲನ್ನು ಹಂತಹಂತವಾಗಿ ಶೇ. 4ರಿಂದ 3ಕ್ಕೆ ಇಳಿಸುವುದಾಗಿಯೂ ಹೇಳಿತು. ದರ ಇಳಿದಾಗ ಸಾಲಕ್ಕೆ ಬೇಡಿಕೆ ಹೆಚ್ಚಬಹುದು. ಆದರೆ ರೆಪೊಗೆ ಜೋಡಿಸಿದ ಸಾಲಗಳ ಬಡ್ಡಿ ಬೇಗ ಇಳಿಯುತ್ತದೆ, ಈಗಾಗಲೇ ಇಟ್ಟ ಠೇವಣಿಗಳ ಬಡ್ಡಿ ಅವಧಿ ಮುಗಿಯುವವರೆಗೆ ಇಳಿಯುವುದಿಲ್ಲ. ಹಾಗಾಗಿ ಕೆಲವು ತಿಂಗಳು ಬ್ಯಾಂಕುಗಳ ಲಾಭದ ಅಂತರ ಕುಗ್ಗಲೂಬಹುದು. ಆರ್‌ಬಿಐ ತನ್ನ ನಿಲುವನ್ನು ‘ತಟಸ್ಥ’ಕ್ಕೆ ಬದಲಿಸಿರುವುದರಿಂದ ಮುಂದೆ ಇದೇ ವೇಗದ ಇಳಿಕೆಯನ್ನು ಎಣಿಸುವಂತಿಲ್ಲ. ನಿಮ್ಮ ಹೂಡಿಕೆಯಲ್ಲಿ ಬದಲಾವಣೆ ಬೇಕೇ ಎಂಬುದು ನಿಮ್ಮ ಗುರಿ ಮತ್ತು ಅವಧಿಯ ಮೇಲೆ ನಿಂತಿದೆ. ನಿಮ್ಮ ಸಲಹೆಗಾರರ ಜೊತೆ ಮಾತಾಡಿ.”

ಎರಡನೆಯದರಲ್ಲಿ ಏನೇನಿದೆ ನೋಡಿ. ಏನಾಯಿತು ಅನ್ನೋದು ದಿನಾಂಕ, ಅಂಕಿಯ ಜೊತೆ ಬಂದಿದೆ. ಆಮೇಲೆ ಅದರ ಅರ್ಥ ಏನಿರಬಹುದು ಅನ್ನೋದು, ಕಾರಣ ಸಮೇತ. ಆಮೇಲೆ ಅದಕ್ಕೆ ಎದುರು ವಾದ. ಆಮೇಲೆ ಏನು ಹೇಳಲಾಗದು ಎಂಬ ಮಿತಿ. ‘ಆಯಿತು’ ಅನ್ನೋದು ಸತ್ಯಾಂಶಕ್ಕೆ, ‘ಬಹುದು’ ಅನ್ನೋದು ಅಭಿಪ್ರಾಯಕ್ಕೆ. ಎರಡೂ ಕಲಸಿಲ್ಲ. ಮೊದಲನೆಯದರಲ್ಲಿ ಒಂದೇ ಒಂದು ಅಂಕಿ ಇಲ್ಲ ಗಮನಿಸಿದ್ರಾ?

ಮೊದಲ ಪ್ಯಾರಾದ ಕೊನೆಯ ಸಾಲಿಗೂ ಅಪಾಯ ಇದೆ. 2023ರ ಏಪ್ರಿಲ್‌ನಲ್ಲಿ ಸೆಬಿ ಸಲಹೆಗಾರರು ಮತ್ತು ಅನಲಿಸ್ಟ್‌ಗಳಿಗೆ ಜಾಹೀರಾತು ಸಂಹಿತೆ ತಂದಿತು. ಲಾಭದ ಭರವಸೆ ಕೊಡಬಾರದು. ‘ಬೆಸ್ಟ್’, ‘ಟಾಪ್’, ‘ನಂಬರ್ 1’ ಅನ್ನಬಾರದು. ಗ್ರಾಹಕರ ಹೊಗಳಿಕೆ ಹಾಕಬಾರದು. ಹಿಂದೆ ಕೊಟ್ಟ ಲಾಭ ತೋರಿಸಿ ಆಸೆ ಹುಟ್ಟಿಸಬಾರದು. ಹಳೆಯ ಸಾಧನೆಯನ್ನು ಹೊರಗಿನವರು ಪರಿಶೀಲಿಸಿ ದೃಢೀಕರಿಸುವ ವ್ಯವಸ್ಥೆಯೊಂದನ್ನು 2025ರಲ್ಲಷ್ಟೇ ಸೆಬಿ ರೂಪಿಸಿತು. ನಮ್ಮ ರಾಜ್ಯದಲ್ಲಿ ‘ಗ್ಯಾರಂಟಿ’ ಅಂದ್ರೆ ಸರ್ಕಾರ ಬಜೆಟ್‌ನಲ್ಲಿ ದುಡ್ಡು ತೆಗೆದಿಟ್ಟು ಕೊಡೋದು, ಕೊಡದಿದ್ದರೆ ಕೇಳೋಕೆ ಒಬ್ಬರು ಇರ್ತಾರೆ. ಮಾರುಕಟ್ಟೆಯಲ್ಲಿ ಗ್ಯಾರಂಟಿ ಅಂತ ಹೇಳಿದವನ ಹತ್ತಿರ ಅಂಥ ಬಜೆಟ್ ಇಲ್ಲ.

ಇನ್ನೊಂದು ಕಟ್ಟು ಹಿತಾಸಕ್ತಿಯದು. ಒಂದು ಕಂಪನಿ ಬಗ್ಗೆ ವರದಿ ಬರೆಯುವ ಅನಲಿಸ್ಟ್, ಆ ಷೇರು ತನ್ನ ಹತ್ತಿರ ಇದೆಯಾ, ಆ ಕಂಪನಿಯಿಂದ ಹಿಂದಿನ 12 ತಿಂಗಳಲ್ಲಿ ದುಡ್ಡು ಪಡೆದಿದ್ದಾನಾ ಅಂತ ಹೇಳಬೇಕು. ಕಾರಣ ಸ್ಪಷ್ಟ: ತಾನು ಮೊದಲೇ ಕೊಂಡು, ‘ಕೊಳ್ಳಿ’ ಅಂತ ಬರೆದು, ಬೆಲೆ ಏರಿದಾಗ ನಿಮಗೇ ಮಾರಿಬಿಡೋದು ಅತ್ಯಂತ ಹಳೆಯ ಮೋಸ. ಪತ್ರ ಬರೆಯೋಕೆ ಎಐ ಬಳಸಿದರೆ ಅದನ್ನೂ ಗ್ರಾಹಕರಿಗೆ ತಿಳಿಸಬೇಕು, ತಪ್ಪಾದರೆ ಹೊಣೆ ಎಐ ಮೇಲೆ ಹಾಕುವಂತಿಲ್ಲ.

ಸುಳ್ಳು ಹೇಳದೆ ದಾರಿ ತಪ್ಪಿಸೋದು

ನಿಯಮ ಹಿಡಿಯೋಕೆ ಕಷ್ಟ ಇರೋದು ಇಲ್ಲಿ. ಅಂಕಿ ಎಲ್ಲಾ ಸರಿ ಇರುತ್ತೆ, ಚಿತ್ರ ಮಾತ್ರ ತಪ್ಪು.

ಮೊದಲನೇ ಕೈಚಳಕ, ಎಲ್ಲಿಂದ ಎಣಿಸ್ತೀವಿ ಅನ್ನೋದು. 2020ರ ಮಾರ್ಚ್ 23ರಿಂದ ಎಣಿಸಿದರೆ ಸೆನ್ಸೆಕ್ಸ್ 50,000 ತಲುಪುವಷ್ಟರಲ್ಲಿ ಸುಮಾರು ಶೇ. 92 ಲಾಭ. ಅದೇ ವರ್ಷ ಜನವರಿ ಮಧ್ಯದಲ್ಲಿ, ಸೂಚ್ಯಂಕ 42,000ದ ಆಸುಪಾಸಿನಲ್ಲಿದ್ದಾಗಿಂದ ಎಣಿಸಿದರೆ ಸುಮಾರು ಶೇ. 19. ಎರಡೂ ನಿಜ. ನಮ್ಮ ಆಫೀಸಿನಲ್ಲಿ ನಿಯಮ ಇತ್ತು: ಏರಿಕೆ ಹೇಳಿದರೆ ಅದಕ್ಕೂ ಮುಂಚಿನ ಇಳಿಕೆಯನ್ನೂ ಅದೇ ವಾಕ್ಯದಲ್ಲಿ ಹೇಳಬೇಕು.

ಎರಡನೆಯದು, ಅಂಶ ಮತ್ತು ಶೇಕಡಾ. 2024ರ ಜೂನ್ 4ರ 4,389 ಅಂಶ ನೋಡೋಕೆ 2020ರ 3,934ಕ್ಕಿಂತ ದೊಡ್ಡದು. ‘ಇತಿಹಾಸದಲ್ಲೇ ದೊಡ್ಡ ಕುಸಿತ’ ಅಂತ ತಲೆಬರಹ ಹಾಕಬಹುದು. ಆದರೆ 100 ರೂಪಾಯಿ ಹಾಕಿದವನಿಗೆ ಅವತ್ತು ಕರಗಿದ್ದು 5.74 ರೂಪಾಯಿ, 2020ರ ಆ ದಿನ 13.15 ರೂಪಾಯಿ.

ಮೂರನೆಯದು, ‘ಹೂಡಿಕೆದಾರರ 31 ಲಕ್ಷ ಕೋಟಿ ಮಾಯ’ ಎಂಬ ಆ ದಿನದ ಸುದ್ದಿ. ಇದು ಎಲ್ಲಾ ಕಂಪನಿಗಳ ಒಟ್ಟು ಮಾರುಕಟ್ಟೆ ಮೌಲ್ಯದಲ್ಲಾದ ಇಳಿಕೆ, ಯಾರದೋ ಜೇಬಿಗೆ ಹೋದ ನಗದಲ್ಲ. ಜೂನ್ 7ಕ್ಕೆ ಸೆನ್ಸೆಕ್ಸ್ 76,693ರಲ್ಲಿ ಮುಗಿಯಿತು, ಅಂದರೆ ಜೂನ್ 3ರ ಮಟ್ಟವನ್ನೂ ದಾಟಿತ್ತು. ಹಾಗಾದ್ರೆ ಯಾರಿಗೂ ನಷ್ಟ ಆಗಲಿಲ್ವಾ? ಆಯ್ತು. ಜೂನ್ 3ರಂದು ಕೊಂಡು 4ರಂದು ಭಯಬಿದ್ದು ಮಾರಿದವರಿಗೆ, ಸಾಲ ಮಾಡಿ ಆಡಿದವರಿಗೆ, ಆಪ್ಷನ್ಸ್‌ನಲ್ಲಿ ತಪ್ಪು ಬದಿಗೆ ನಿಂತವರಿಗೆ ನಿಜವಾದ ದುಡ್ಡು ಹೋಯ್ತು. ಆ ವ್ಯತ್ಯಾಸ ಹೇಳದೆ 31 ಲಕ್ಷ ಕೋಟಿ ಅಂತ ಕೂಗೋದು, ‘ಮೂರೇ ದಿನಕ್ಕೆ ವಾಪಸ್ ಬಂತಲ್ಲ’ ಅಂತ ಕೈತೊಳ್ಕೊಳ್ಳೋದು, ಎರಡೂ ಅರ್ಧ ಸತ್ಯ. ಮೊದಲನೆಯದನ್ನು ನಮ್ಮ ಕಡೆಯವರೂ ಮಾಡಿದರು.

‘ಕೊನೆಗೆ ಮಾರುಕಟ್ಟೆ ಏರಿಯೇ ಏರುತ್ತೆ’ ಅನ್ನೋದೂ ಇದೇ ಜಾತಿಯ ಮಾತು. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! ನನ್ನ ಸಿಟ್ಟು ಇಳಿದದ್ದು ಇದೆಲ್ಲ ಕೂಡಿಸಿ ನೋಡಿದಾಗ. 2020ರಲ್ಲಿ ನನ್ನ ಮಾತು ನಿಜವಾಯ್ತು, 2024ರಲ್ಲಿ ಸಚಿವರ ಮಾತು ಅವರು ಹೇಳಿದ ದಿನಕ್ಕೆ ಸುಳ್ಳಾಯ್ತು. ಆದರೆ ಎರಡೂ ಒಂದೇ ಬಗೆಯ ಮಾತುಗಳು. ಹೇಳಿದವನಿಗೆ ಗೊತ್ತಿರಲು ಸಾಧ್ಯವಿಲ್ಲದ್ದನ್ನು ಗೊತ್ತಿದೆ ಅನ್ನೋ ಹಾಗೆ ಹೇಳಿದ್ದು.

ಇಂಗ್ಲಿಷಿನಲ್ಲಿ ನಿಯಮ, ಕನ್ನಡದಲ್ಲಿ ಟಿಪ್ಸು

ಇಷ್ಟು ಹೇಳಿ, ಕಂಪ್ಲಯನ್ಸ್‌ನ ಇನ್ನೊಂದು ಮುಖವನ್ನೂ ಹೇಳ್ಬೇಕು. ನಾವು ಬರೀತಿದ್ದ ಪತ್ರಗಳು ಪೂರ್ತಿ ಇಂಗ್ಲಿಷ್. ನಿಯಮಕ್ಕೆ ಹೆದರಿ ಹೆದರಿ, ಕೊನೆಕೊನೆಗೆ ಅವುಗಳಲ್ಲಿ ಏನೂ ಇರ್ತಿರಲಿಲ್ಲ. ‘ಎಚ್ಚರಿಕೆಯ ಆಶಾವಾದ’ ಅಂತೊಂದು ಪದ ಇತ್ತು, ಏರಿದರೂ ಸರಿ, ಇಳಿದರೂ ಸರಿ. ಮಾರ್ಚ್ 2020ರ ಪತ್ರ ಹೋದ ಮೇಲೆ ಹಾಸನದ ಗ್ರಾಹಕರೊಬ್ಬರು ಫೋನ್ ಮಾಡಿದ್ದರು. “ಪತ್ರ ಬಂತು ಸರ್. ನನಗೆ ಅರ್ಥ ಆಗ್ಲಿಲ್ಲ. ಒಂದೇ ಮಾತಲ್ಲಿ ಹೇಳಿ, ಇಡ್ಲಾ, ತೆಗೀಲಾ?” ನಾನು ಬರಹಗಾರ, ಸಲಹೆ ಕೊಡೋ ಹಕ್ಕಿಲ್ಲ. ಸಲಹೆಗಾರರಿಗೆ ಫೋನ್ ವರ್ಗಾಯಿಸಿದೆ. ಆದರೆ ನಾಲ್ಕು ಪುಟ ಬರೆದೂ ಅವರಿಗೆ ಒಂದು ವಿಷಯ ತಿಳಿಸೋಕಾಗ್ಲಿಲ್ಲ ಅನ್ನೋದು ಉಳ್ಕೊಂಡುಬಿಡ್ತು. ಆ ಪತ್ರ ಸಂಸ್ಥೆಯನ್ನು ಕಾಪಾಡಿತ್ತು, ಅವರನ್ನಲ್ಲ.

ಈ ಖಾಲಿ ಜಾಗಕ್ಕೆ ಬಂದು ಕೂತಿರೋದು ಟೆಲಿಗ್ರಾಂ ಚಾನೆಲ್ಲುಗಳು. ದೇಶದಲ್ಲಿ ಡಿಮ್ಯಾಟ್ ಖಾತೆಗಳು 2025ರಲ್ಲಿ 20 ಕೋಟಿ ದಾಟಿದವು. ನೋಂದಾಯಿತ ಹೂಡಿಕೆ ಸಲಹೆಗಾರರು ಇಡೀ ದೇಶಕ್ಕೆ ತೀರಾ ಕಡಿಮೆ. ನಡುವಿನ ಕಂದಕ ತುಂಬಿದವರು ನಮ್ಮ ಭಾಷೆಯಲ್ಲೇ, ಸಲುಗೆಯಿಂದ, ಸ್ಪಷ್ಟವಾಗಿ ಮಾತಾಡ್ತಾರೆ. ಸ್ಪಷ್ಟವಾಗಿ ಮಾತಾಡೋದು ಅವರಿಗೆ ಸುಲಭ, ಯಾಕಂದ್ರೆ ಅವರು ಯಾವುದಕ್ಕೂ ಹೊಣೆ ಅಲ್ಲ.

ಪರಿಣಾಮ? ಸೆಬಿಯ ಅಧ್ಯಯನವೇ ಹೇಳುವಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. 2024-25ರಲ್ಲಿ ಇನ್ನೂ ಸುಮಾರು 1.05 ಲಕ್ಷ ಕೋಟಿ. 2023ರ ಅಕ್ಟೋಬರ್‌ನಲ್ಲಿ ‘ಬಾಪ್ ಆಫ್ ಚಾರ್ಟ್’ ಹೆಸರಿನ ಚಾನೆಲ್ ವಿರುದ್ಧ ಸೆಬಿ ಮಧ್ಯಂತರ ಆದೇಶ ಹೊರಡಿಸಿ, ಜನರಿಂದ ಪಡೆದ 17.2 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಗೆ ಹಾಕಲು ಹೇಳಿತು. ಲಾಭದ ಪಾಠ ಹೇಳುತ್ತಿದ್ದ ಆ ವ್ಯಕ್ತಿ ಸ್ವಂತ ವಹಿವಾಟಿನಲ್ಲಿ 2.89 ಕೋಟಿ ನಷ್ಟದಲ್ಲಿದ್ದ ಅಂತ ಅದೇ ಆದೇಶ ಹೇಳಿತು!

2025ರ ಜನವರಿಯಲ್ಲಿ ಸೆಬಿ ಇನ್ನೊಂದು ಬೇಲಿ ಹಾಕಿತು. ‘ನಾನು ಬರೀ ಪಾಠ ಹೇಳ್ತೀನಿ’ ಅನ್ನೋರು ಹಿಂದಿನ ಮೂರು ತಿಂಗಳ ಬೆಲೆ ಬಳಸಿ ಯಾವುದೇ ಷೇರಿನ ಬಗ್ಗೆ ಹೇಳುವಂತಿಲ್ಲ ಅಂದಿತು. ಇದೆಲ್ಲ ಬೇಕು. ಆದರೆ ಬೇಲಿ ಮಾತ್ರ ಸಾಲದು. ಕೆಟ್ಟ ಮಾತನ್ನು ತಡೆದರೆ ಒಳ್ಳೆಯ ಮಾತು ತಾನಾಗೇ ಹುಟ್ಟಲ್ಲ. ಮೇಲೆ ನಾನು ಬರೆದ ಎರಡನೇ ಪ್ಯಾರಾ ಕನ್ನಡದಲ್ಲೇ ಇದೆ, ನಿಯಮವನ್ನೂ ಮುರಿದಿಲ್ಲ. ಸಲಹಾ ಸಂಸ್ಥೆಗಳಿಗೆ ಹೀಗೆ ಬರೆಸೋದು ಅಸಾಧ್ಯ ಏನಲ್ಲ, ಅವಕ್ಕೆ ಇಂಗ್ಲಿಷ್ ಬಾರದ ಗ್ರಾಹಕ ಲೆಕ್ಕಕ್ಕಿಲ್ಲ ಅಷ್ಟೇ.

“ಅಣ್ಣ, ಇದು ನಿಜಾನಾ?”

ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರೋ ನನ್ನ ಚಿಕ್ಕಪ್ಪನ ಮಗ ಆಪ್ಷನ್ಸ್‌ನಲ್ಲಿ ಮೂರೂಮುಕ್ಕಾಲು ಲಕ್ಷ ಕಳ್ಕೊಂಡ. ಮನೆಯಲ್ಲಿ ಹೇಳಿದ್ದು ಎಂಟು ತಿಂಗಳ ಮೇಲೆ. ಈಗ ಏನೇ ಸಂದೇಶ ಬಂದರೂ ನನಗೆ ಸ್ಕ್ರೀನ್‌ಶಾಟ್ ಕಳಿಸ್ತಾನೆ. “ಅಣ್ಣ, ಇದು ನಿಜಾನಾ?” ನಾನು ಕೊಳ್ಳು, ಬಿಡು ಅಂತ ಹೇಳಲ್ಲ. ಐದು ಪ್ರಶ್ನೆ ವಾಪಸ್ ಕಳಿಸ್ತೀನಿ:

1. ಬರೆದವರ ಸೆಬಿ ನೋಂದಣಿ ಸಂಖ್ಯೆ ಇದೆಯಾ? ಸಲಹೆಗಾರರದ್ದು ಐಎನ್‌ಎ, ಅನಲಿಸ್ಟ್‌ಗಳದ್ದು ಐಎನ್‌ಎಚ್ ಅಂತ ಶುರುವಾಗುತ್ತೆ. ಸೆಬಿ ವೆಬ್‌ಸೈಟಿನಲ್ಲಿ ಹಾಕಿ ನೋಡು. ಸಂಖ್ಯೆ ಇದ್ದ ಮಾತ್ರಕ್ಕೆ ಲಾಭ ಖಾತ್ರಿ ಅಂತಲ್ಲ, ತಪ್ಪಾದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡೋಕೆ ಒಂದು ವಿಳಾಸ ಇದೆ ಅಂತ.

2. ಅವರ ಹತ್ತಿರ ಆ ಷೇರು ಇದೆಯಾ? ಹೇಳಿದ್ದಾರಾ?

3. ಲಾಭದ ಅಂಕಿ ಯಾವ ದಿನದಿಂದ ಎಣಿಸಿದ್ದು?

4. ಇದು ತಪ್ಪಾಗೋದು ಯಾವಾಗ ಅಂತ ಒಂದು ಸಾಲಾದರೂ ಬರೆದಿದ್ದಾರಾ?

5. ನಿನಗೆ ಆ ದುಡ್ಡು ಯಾವಾಗ ಬೇಕು? ಇದು ಅವರಿಗೆ ಗೊತ್ತಾ?

ಕಳೆದ ತಿಂಗಳು ಅವನು ಕಳಿಸಿದ್ದು ಟೆಲಿಗ್ರಾಂ ಸಂದೇಶ ಅಲ್ಲ, ಒಬ್ಬ ರಾಜಕಾರಣಿಯ ಭಾಷಣದ ತುಣುಕು. ಮಾರುಕಟ್ಟೆ ಬಗ್ಗೆ ಏನೋ ಭವಿಷ್ಯ ಹೇಳಿದ್ದರು. ನಾನು ಉತ್ತರ ಟೈಪ್ ಮಾಡೋ ಮುಂಚೆ ಅವನದೇ ಇನ್ನೊಂದು ಮೆಸೇಜ್ ಬಂತು: “ಬಿಡಣ್ಣ, ನಾಲ್ಕನೇ ಪ್ರಶ್ನೆಗೇ ಫೇಲ್.”